ಒಣಗದ ಬೀಫ್ ಸ್ಟೇಕ್: ಮನೆಯ ಪ್ಯಾನಿನಲ್ಲಿ, ಹಂತ ಹಂತವಾಗಿ

ನಮ್ಮನೆಯಲ್ಲಿ ಬೀಫ್ ಅಂದರೆ ಕುಕ್ಕರ್. ಭಾನುವಾರ ಚರ್ಚಿನಿಂದ ಬಂದ ಕೂಡಲೇ ಅಮ್ಮ ಒಲೆ ಹಚ್ಚುತ್ತಿದ್ದರು. ಏಳೆಂಟು ವಿಷಲ್ ಆಗುವವರೆಗೆ ಅಡುಗೆಮನೆ ಕಡೆ ಯಾರೂ ತಲೆ ಹಾಕುವಂತಿರಲಿಲ್ಲ. ಎಷ್ಟು ಬೇಯುತ್ತೋ ಅಷ್ಟು ಮೆತ್ತಗೆ. ಬೀಫ್ ಬಗ್ಗೆ ನಾನು ಕಲಿತಿದ್ದು ಇಷ್ಟೇ.

ಮೆಲ್ಬರ್ನ್‌ಗೆ ಬಂದ ಮೊದಲ ವರ್ಷ ಅದನ್ನೇ ಸ್ಟೇಕ್ ಮೇಲೂ ಪ್ರಯೋಗಿಸಿದೆ. ಒಳ್ಳೆಯ ತುಂಡನ್ನೇ ತಂದಿದ್ದೆ. ಒಂದು ಬದಿ ಎಂಟು ನಿಮಿಷ, ಇನ್ನೊಂದು ಬದಿ ಎಂಟು ನಿಮಿಷ. ಸಾಲದು ಅಂತ ಮುಚ್ಚಳ ಮುಚ್ಚಿ ಇನ್ನೊಂದಿಷ್ಟು ಹೊತ್ತು. ತಟ್ಟೆಗೆ ಬಂದದ್ದು ಚಪ್ಪಲಿ ಅಟ್ಟೆ. ಸಾರಿಗೆ ಹಾಕಿ ಬೇಯಿಸೋಣ ಅಂದರೆ ಅದಕ್ಕೂ ಲಾಯಕ್ಕಿರಲಿಲ್ಲ.

ಈಗ ತಿಂಗಳಿಗೆ ಒಂದೆರಡು ಸಲ ಮಾಡುತ್ತೇನೆ, ಕೆಡುವುದು ಅಪರೂಪ. ಇಷ್ಟು ವರ್ಷದಲ್ಲಿ ಗೊತ್ತಾದದ್ದು ಏನೆಂದರೆ, ದೋಸೆ ಹಾಕಲು ಬರುವವರಿಗೆ ಸ್ಟೇಕಿನ ಅರ್ಧ ಕೆಲಸ ಆಗಲೇ ಬರುತ್ತದೆ. ಕಾವಲಿ ಕಾದಿದೆಯಾ, ಹೊಗೆ ಜಾಸ್ತಿಯಾಯ್ತಾ, ತಳ ಬಿಟ್ಟಿದೆಯಾ, ಇದೆಲ್ಲ ಕೈಗೆ ಗೊತ್ತಿರುತ್ತದೆ. ಉಳಿದರ್ಧ ತುಂಡಿನ ಒಳಗೆ ನಡೆಯುವ ಕೆಲಸ. ಅದು ಕಣ್ಣಿಗೆ ಕಾಣಲ್ಲ, ಗಡಿಯಾರ ನೋಡಿದರೂ ಗೊತ್ತಾಗಲ್ಲ. ಅದಕ್ಕೆ ಒಂದು ಚಿಕ್ಕ ಥರ್ಮಾಮೀಟರ್ ಬೇಕು.

ಯಾಕೆ ಒಣಗುತ್ತೆ?

ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರೇ. ಆ ನೀರು ನಾರುಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬಿಸಿ ತಗುಲಿದಂತೆ ನಾರುಗಳು ಬಿಗಿಯಾಗುತ್ತವೆ. 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆಲ್ಲಗೆ ಹಿಂಡಲು ಶುರು. 60 ದಾಟಿದ ಮೇಲೆ ನಾರುಗಳನ್ನು ಸುತ್ತಿರುವ ಪೊರೆಯೂ ಕುಗ್ಗುತ್ತದೆ. ಆಗ ಒದ್ದೆ ಬಟ್ಟೆಯನ್ನು ಎರಡು ಕೈಯಲ್ಲಿ ಹಿಂಡಿದ ಹಾಗೆ ನೀರು ಹೊರಗೆ ಬರುತ್ತದೆ. 70 ಮುಟ್ಟಿತೋ, ಹಿಂಡಲು ಜಾಸ್ತಿ ಏನೂ ಉಳಿದಿರಲ್ಲ.

ಹಾಗಾದರೆ ಅಮ್ಮನ ಕುಕ್ಕರಿನಲ್ಲಿ ಅದು ಮೆತ್ತಗಾಗುತ್ತಿದ್ದದ್ದು ಹೇಗೆ? ಆ ತುಂಡುಗಳೇ ಬೇರೆ. ಕಾಲು, ಭುಜ, ಕುತ್ತಿಗೆಯ ಮಾಂಸದಲ್ಲಿ ಕೊಲಾಜನ್ ಅನ್ನುವ ಗಟ್ಟಿ ಪದಾರ್ಥ ತುಂಬಾ ಇರುತ್ತದೆ. ತುಂಬಾ ಹೊತ್ತು ಬೆಂದರೆ ಅದು ಕರಗಿ ಜೆಲಾಟಿನ್ ಆಗುತ್ತದೆ. ನೀರು ಹೋದರೂ ಆ ಅಂಟಂಟು ಜಿಡ್ಡು ಬಾಯಿಗೆ ಮೆತ್ತಗೆ ಸಿಗುತ್ತದೆ. ಸ್ಟೇಕ್ ತುಂಡಿನಲ್ಲಿ ಕರಗಲು ಅಷ್ಟು ಕೊಲಾಜನ್ ಇಲ್ಲ. ಅಲ್ಲಿ ಇರೋದು ನೀರು ಮತ್ತು ಕೊಬ್ಬು. ಅದನ್ನು ಉಳಿಸಿಕೊಂಡರೆ ಊಟ, ಇಲ್ಲದಿದ್ದರೆ ಅಟ್ಟೆ.

ಇನ್ನೊಂದು ಹಳೇ ನಂಬಿಕೆ ಇದೆ. ಜೋರು ಉರಿಯಲ್ಲಿ ಮೊದಲು ಹೊರಗೆ ಕೆಂಪಗೆ ಮಾಡಿದರೆ ರಸ ಒಳಗೇ ಸೀಲ್ ಆಗುತ್ತೆ ಅಂತ. ಇದನ್ನು ಜನಪ್ರಿಯ ಮಾಡಿದ್ದು 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್. ದೊಡ್ಡ ಹೆಸರು, ಆದರೆ ಈ ವಿಷಯದಲ್ಲಿ ತಪ್ಪು. ಕೆಂಪಗಾದ ಪದರದಿಂದಲೂ ನೀರು ಸೋರುತ್ತದೆ. ಸುಳ್ಳು ಅನ್ನಿಸಿದರೆ ಬೆಂದ ಸ್ಟೇಕನ್ನು ತಟ್ಟೆಯಲ್ಲಿ ಐದು ನಿಮಿಷ ಇಟ್ಟು ನೋಡಿ, ಕೆಳಗೆ ರಸ ನಿಂತಿರುತ್ತದೆ. ಹೊರಗೆ ಕೆಂಪಗೆ ಮಾಡುವುದು ರುಚಿಗೆ, ಘಮಕ್ಕೆ. ರಸ ಉಳಿಯುವುದು ಒಳಗಿನ ಬಿಸಿಯನ್ನು ಅಂಕೆಯಲ್ಲಿ ಇಟ್ಟರೆ ಮಾತ್ರ.

ಯಾವ ತುಂಡು ತರಬೇಕು

ಇಲ್ಲಿ ಎಡವಿದರೆ ಮುಂದಿನದೆಲ್ಲ ವ್ಯರ್ಥ. ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಹೆಸರುಗಳದ್ದೇ ಒಂದು ಗೊಂದಲ. ಅಮೆರಿಕದಲ್ಲಿರುವ ತಮ್ಮ ಫೋನಿನಲ್ಲಿ 'ರಿಬ್‌ಐ ತಗೋ ಅಣ್ಣ' ಅಂದ. ಇಲ್ಲಿ ಹುಡುಕಿದರೆ ಆ ಹೆಸರು ಕಾಣಲಿಲ್ಲ. ರಿಬ್‌ಐ ಅಂದರೆ ಪಕ್ಕೆಲುಬಿನ ಭಾಗದ ತುಂಡು, ಮೂಳೆ ಇಲ್ಲದ ರಿಬ್‌ಐಗೆ ಇಲ್ಲಿ ಸ್ಕಾಚ್ ಫಿಲೆಟ್ ಅನ್ನುತ್ತಾರೆ. ಅಮೆರಿಕದವರ ಸ್ಟ್ರಿಪ್ ಸ್ಟೇಕ್ ಇಲ್ಲಿ ಪೋರ್ಟರ್‌ಹೌಸ್ ಅಥವಾ ಸರ್ಲಾಯಿನ್. ಅದೇ ಪೋರ್ಟರ್‌ಹೌಸ್ ಅಂತ ಅಮೆರಿಕದಲ್ಲಿ ಕೇಳಿದರೆ ಟಿ ಆಕಾರದ ಮೂಳೆ ಇರುವ ದೊಡ್ಡ ತುಂಡು ಕೊಡುತ್ತಾರೆ. ಅವರ ಟೆಂಡರ್‌ಲಾಯಿನ್ ಇಲ್ಲಿ ಐ ಫಿಲೆಟ್.

ಮೊದಲ ಸಲ ಮಾಡುವವರಿಗೆ ನನ್ನ ಸಲಹೆ ಸ್ಕಾಚ್ ಫಿಲೆಟ್. ಐ ಫಿಲೆಟ್ ಅದಕ್ಕಿಂತ ಮೆತ್ತಗೆ, ದುಬಾರಿ ಕೂಡ. ಆದರೆ ಅದರಲ್ಲಿ ಕೊಬ್ಬು ಕಡಿಮೆ, ರುಚಿಯೂ ಸ್ವಲ್ಪ ಸಪ್ಪೆ. ಎರಡು ಡಿಗ್ರಿ ಹೆಚ್ಚು ಕಡಿಮೆಯಾದರೂ ಸ್ಕಾಚ್ ಫಿಲೆಟ್ ಕ್ಷಮಿಸುತ್ತದೆ. ಅದರ ಮಾಂಸದ ಒಳಗೇ ಬಿಳಿ ಎಳೆಗಳಂತೆ ಕೊಬ್ಬು ಹರಡಿರುತ್ತದೆ. ಇದಕ್ಕೆ ಮಾರ್ಬ್ಲಿಂಗ್ ಅಂತಾರೆ. ಇಲ್ಲಿ ಇದನ್ನು 0ಯಿಂದ 9ರವರೆಗೆ ಅಂಕ ಕೊಟ್ಟು ಅಳೆಯುತ್ತಾರೆ. ದಿನಬಳಕೆಗೆ 2, 3 ಇದ್ದರೆ ಧಾರಾಳ ಸಾಕು. 9 ಅಂದರೆ ವಾಗ್ಯು ಲೆಕ್ಕ, ಅಂದರೆ ಒಳಗೆಲ್ಲ ಕೊಬ್ಬು ತುಂಬಿದ ಜಪಾನಿ ತಳಿಯ ದನ. ಅದನ್ನು ಒಬ್ಬರೇ ಪೂರ್ತಿ ತುಂಡು ತಿನ್ನುವುದು ಕಷ್ಟ, ತುಪ್ಪದ ಮುದ್ದೆ ತಿಂದ ಹಾಗಾಗುತ್ತದೆ. ಹುಲ್ಲು ತಿಂದು ಬೆಳೆದ ದನದಲ್ಲಿ ಸಾಮಾನ್ಯವಾಗಿ ಈ ಎಳೆಗಳು ಕಡಿಮೆ. ಕಾಳು ತಿಂದು ಬೆಳೆದದ್ದರಲ್ಲಿ ಜಾಸ್ತಿ. ಹುಲ್ಲಿನದು ಬೇಗ ಬೇಯುತ್ತದೆ ಅನ್ನುವುದು ನೆನಪಿರಲಿ.

ಬೆಲೆಗಿಂತ ಮುಖ್ಯ ದಪ್ಪ. 3 ಸೆಂಟಿಮೀಟರ್ ಬೇಕು, 4 ಇದ್ದರೂ ಸರಿ. ಸೂಪರ್‌ಮಾರ್ಕೆಟ್ ಟ್ರೇನಲ್ಲಿ ಎರಡೆರಡು ಜೋಡಿಸಿಟ್ಟಿರುವ ತೆಳು ತುಂಡುಗಳು ಬೇಡ. ಹೊರಗೆ ಬಣ್ಣ ಬರುವಷ್ಟರಲ್ಲಿ ಅವು ಒಳಗೆ ಪೂರ್ತಿ ಬೆಂದಿರುತ್ತವೆ. ಮಾಂಸದ ಅಂಗಡಿಗೇ ಹೋಗಿ ಬೆರಳಲ್ಲಿ ತೋರಿಸಿ, 'ಇಷ್ಟು ದಪ್ಪ ಕೊಡಿ' ಅನ್ನಿ. 350 ಗ್ರಾಮಿನ ಎರಡು ತೆಳು ತುಂಡಿಗಿಂತ 700 ಗ್ರಾಮಿನ ಒಂದೇ ದಪ್ಪ ತುಂಡು ಇಬ್ಬರಿಗೆ ಒಳ್ಳೆಯದು. ಬೇಯಿಸಿ, ಹೆಚ್ಚಿ, ಹಂಚಿಕೊಳ್ಳಬಹುದು.

ಕರ್ನಾಟಕದಲ್ಲಿರುವವರಿಗೆ ಒಂದು ಮಾತು. 2020ರ ಕಾಯ್ದೆ ಬಂದ ಮೇಲೆ ಅಲ್ಲಿ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ಜಾನುವಾರು ಕಡಿಯುವಂತಿಲ್ಲ. ಹಾಗಾಗಿ ಕಾನೂನಿನ ಪ್ರಕಾರ ಅಲ್ಲಿ ಮಾಡಲಾಗುವುದು ವಯಸ್ಸಾದ ಎಮ್ಮೆಯ ಮಾಂಸದ ಸ್ಟೇಕ್. ವಯಸ್ಸಾದಷ್ಟೂ ಕೊಲಾಜನ್ ಗಟ್ಟಿ. ತೊಡೆ, ಭುಜದ ತುಂಡನ್ನು ಪ್ಯಾನಿನಲ್ಲಿ ಎಷ್ಟು ಜಾಣತನದಿಂದ ಬೇಯಿಸಿದರೂ ಅಗಿಯಲು ಆಗಲ್ಲ, ಅದನ್ನು ಸಾರಿಗೇ ಬಿಡಿ. ಅಂಗಡಿಯವರನ್ನು ಅಂಡರ್‌ಕಟ್ ಕೇಳಿ. ಬೆನ್ನುಮೂಳೆಯ ಕೆಳಗೆ ಉದ್ದಕ್ಕೆ ಇರುವ ಈ ಮಾಂಸ ಪ್ರಾಣಿ ನಡೆಯುವಾಗ ಹೆಚ್ಚು ದುಡಿಯುವುದಿಲ್ಲ, ಅದಕ್ಕೇ ಮೆತ್ತಗಿರುತ್ತದೆ. ಬಣ್ಣ ಕಡುಗೆಂಪು, ಕೊಬ್ಬು ತೀರಾ ಕಡಿಮೆ. ಮೇಲಿನ ಬೆಳ್ಳಿ ಬಣ್ಣದ ಪೊರೆಯನ್ನು ಚೂಪಾದ ಚಾಕುವಿನಿಂದ ಎಬ್ಬಿಸಿ ತೆಗೆಯಿರಿ. ಅದು ಬೇಯುವಾಗ ಕುಗ್ಗಿ ತುಂಡನ್ನು ಸುರುಟಿಸುತ್ತದೆ. ಕೊಬ್ಬಿಲ್ಲದ ಕಾರಣ ಕೊನೆಯಲ್ಲಿ ಬೆಣ್ಣೆ ಸ್ವಲ್ಪ ಜಾಸ್ತಿ ಹಾಕಬೇಕಾಗುತ್ತದೆ. ಉಳಿದದ್ದೆಲ್ಲ ಒಂದೇ.

ಉಪ್ಪು ಮತ್ತು ಒಣಗಿಸುವುದು

ಸ್ಟೇಕಿನ ಮೇಲ್ಮೈ ಒದ್ದೆ ಇದ್ದರೆ ಬಣ್ಣ ಬರಲ್ಲ. ಕಾರಣ ಸರಳ. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ. ಆ ನೀರು ಇರುವವರೆಗೆ ಮಾಂಸದ ಮೇಲ್ಮೈ ಅದಕ್ಕಿಂತ ಬಿಸಿಯಾಗಲ್ಲ. ಕೆಂಪು ಕಂದು ಬಣ್ಣ, ಆ ಹುರಿದ ಘಮ ಚೆನ್ನಾಗಿ ಹುಟ್ಟುವುದು ಸುಮಾರು 140 ಡಿಗ್ರಿಯ ಮೇಲೆ. ಇದನ್ನು 1912ರಲ್ಲಿ ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮೀಯ್ ಮಯಾರ್. ಅದಕ್ಕೇ ಮಯಾರ್ ಕ್ರಿಯೆ ಅನ್ನುವ ಹೆಸರು. ದೋಸೆಯ ಹೊಂಬಣ್ಣದಲ್ಲೂ, ಹುರಿದ ಕಾಫಿ ಬೀಜದ ಘಮದಲ್ಲೂ ಇದರದ್ದೇ ಕೈವಾಡ.

ಉಪ್ಪು ಹಾಕಿದ ಕೂಡಲೇ ಅದು ಮಾಂಸದ ನೀರನ್ನು ಹೊರಗೆ ಎಳೆಯುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮೇಲೆ ಬೆವರು ಬಂದ ಹಾಗೆ ಹನಿಗಳು. ಇದೇ ಕೆಟ್ಟ ಗಳಿಗೆ. ಈಗ ಪ್ಯಾನಿಗೆ ಹಾಕಿದರೆ ಹುರಿಯುವ ಬದಲು ಬೇಯುತ್ತದೆ, ಬಣ್ಣ ಬೂದಿಯ ಹಾಗೆ. ಇನ್ನೂ ಅರ್ಧ ಗಂಟೆ, ಮುಕ್ಕಾಲು ಗಂಟೆ ಬಿಟ್ಟರೆ ಉಪ್ಪು ಕರಗಿದ ಆ ನೀರನ್ನು ಮಾಂಸ ನಿಧಾನವಾಗಿ ವಾಪಸ್ ಹೀರಿಕೊಳ್ಳುತ್ತದೆ. ಉಪ್ಪು ಒಳಗಿಳಿಯುತ್ತದೆ. ನಾರುಗಳು ನೀರನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ.

ಹಾಗಾಗಿ ದಾರಿ ಎರಡೇ. ಒಂದೋ ಪ್ಯಾನಿಗೆ ಹಾಕುವ ಆ ಕ್ಷಣಕ್ಕೆ ಉಪ್ಪು ಹಾಕಿ, ಇಲ್ಲವೇ ಕನಿಷ್ಠ 40 ನಿಮಿಷ ಮೊದಲು ಹಾಕಿ. ಮಧ್ಯದ ಹೊತ್ತು ಬೇಡ. ನಾನು ಹಿಂದಿನ ರಾತ್ರಿಯೇ ಹಾಕುತ್ತೇನೆ. ತುಂಡನ್ನು ಟಿಶ್ಯೂ ಪೇಪರಿನಿಂದ ಒತ್ತಿ ಒರೆಸಿ, ಎರಡೂ ಬದಿ, ಅಂಚಿಗೂ ಉಪ್ಪು ಸವರಿ, ಒಂದು ತಟ್ಟೆಯ ಮೇಲೆ ಜಾಲರಿ ಇಟ್ಟು ಅದರ ಮೇಲೆ ಇಡುತ್ತೇನೆ. ಮುಚ್ಚುವುದಿಲ್ಲ. ಫ್ರಿಜ್ಜಿನ ಕೆಳಗಿನ ಶೆಲ್ಫಿನಲ್ಲಿ, ತರಕಾರಿ, ಹಾಲಿಗೆ ತಾಗದ ಹಾಗೆ. ಬೆಳಿಗ್ಗೆ ನೋಡಿದರೆ ಮೇಲ್ಮೈ ಒಣಗಿ, ಬಣ್ಣ ಕಪ್ಪಾಗಿ, ಮುಟ್ಟಿದರೆ ಚರ್ಮ ಮುಟ್ಟಿದ ಹಾಗಿರುತ್ತದೆ. ಹಾಳಾಯ್ತು ಅಂತ ಹೆದರಬೇಡಿ, ನಮಗೆ ಬೇಕಾದದ್ದು ಅದೇ.

ಎಷ್ಟು ಉಪ್ಪು? ಮಾಂಸದ ತೂಕದ ನೂರಕ್ಕೆ ಒಂದು ಪಾಲು. 350 ಗ್ರಾಮಿಗೆ 3.5 ಗ್ರಾಂ, ಅಂದರೆ ಪುಡಿ ಉಪ್ಪಾದರೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಮೇಲೆ. ಕಣ್ಣಿಗೆ ಜಾಸ್ತಿ ಅನ್ನಿಸುತ್ತದೆ. ಆದರೂ ಹಾಕಿ. ಕಾಳುಮೆಣಸು ಮಾತ್ರ ಈಗ ಬೇಡ. ಜೋರು ಬಿಸಿಗೆ ಅದು ಸೀದು ಕಹಿಯಾಗುತ್ತದೆ.

ಅಡುಗೆಗೆ ಒಂದು ಗಂಟೆ ಮೊದಲು ಹೊರಗಿಡಿ ಅಂತ ಎಲ್ಲರೂ ಹೇಳುತ್ತಾರೆ. ದಪ್ಪ ತುಂಡು ಅಷ್ಟರಲ್ಲಿ ಒಳಗೆ ಬೆಚ್ಚಗಾಗುವುದು ಕೆಲವೇ ಡಿಗ್ರಿ. ನಾನು ಇಡಲ್ಲ. ನೇರ ಫ್ರಿಜ್ಜಿನಿಂದ ಪ್ಯಾನಿಗೆ. ಮೇಲ್ಮೈ ಒಣಗಿದ್ದರೆ ಸಾಕು.

ಕಾವಲಿ, ಎಣ್ಣೆ, ಹೊಗೆ

ಪ್ಯಾನ್ ಭಾರವಾಗಿರಬೇಕು. ಬೀಡಿನದ್ದು, ಅಂದರೆ ಎರಕದ ಕಬ್ಬಿಣದ್ದು, ಎಲ್ಲಕ್ಕಿಂತ ಒಳ್ಳೆಯದು. ತಣ್ಣನೆಯ ಮಾಂಸ ಬಿದ್ದರೂ ಅದು ಬಿಸಿಯನ್ನು ಬೇಗ ಬಿಟ್ಟುಕೊಡಲ್ಲ. ದಪ್ಪ ತಳದ ಸ್ಟೀಲ್ ಆದರೂ ನಡೆಯುತ್ತದೆ. ನಾನ್‌ಸ್ಟಿಕ್ ಬೇಡ. ಅದರ ಲೇಪನ ಈ ಮಟ್ಟದ ಬಿಸಿಗೆ ಮಾಡಿದ್ದಲ್ಲ.

ಊರಿನಿಂದ ಸೂಟ್‌ಕೇಸಿನಲ್ಲಿ ಹೊತ್ತು ತಂದ ದೋಸೆ ಕಾವಲಿಯಲ್ಲಿ ಮಾಡಬಹುದಾ? ಒಮ್ಮೆ ಮಾಡಿದ್ದೇನೆ. ಬಣ್ಣ ಅದ್ಭುತವಾಗಿ ಬಂತು. ಆದರೆ ಅದಕ್ಕೆ ಅಂಚಿಲ್ಲ. ಕೊಬ್ಬು ಕರಗಿ ಹರಿದು ಒಲೆ ಮೇಲೆಲ್ಲ ಬಿತ್ತು. ಬೆಣ್ಣೆ ಹಾಕುವ ಹಂತ ಬಂದಾಗ ಅದನ್ನು ನಿಲ್ಲಿಸಲು ಜಾಗವೇ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಮುಂದಿನ ನಾಲ್ಕು ದಿನ ದೋಸೆಗೆಲ್ಲ ಬೀಫ್ ವಾಸನೆ. ಹೆಂಡತಿ ಆ ಕಾವಲಿಯನ್ನು ಮತ್ತೆ ಪಳಗಿಸಲು ಒಂದು ವಾರ ತಗೊಂಡಳು, ನನ್ನ ಜೊತೆ ಮಾತಾಡಲು ಅದಕ್ಕಿಂತ ಸ್ವಲ್ಪ ಜಾಸ್ತಿ. ಬೇರೆ ಪ್ಯಾನ್ ತಗೊಳ್ಳಿ.

ಒಲೆಯನ್ನು ಮೊದಲು ಮಧ್ಯಮ ಉರಿಗೆ ಇಟ್ಟು ಖಾಲಿ ಪ್ಯಾನನ್ನು ಐದಾರು ನಿಮಿಷ ಕಾಯಿಸಿ. ಬೀಡು ನಿಧಾನ. ಇಂಡಕ್ಷನ್ ಒಲೆಯಲ್ಲಂತೂ ಮಧ್ಯ ಕಾದು ಅಂಚು ತಣ್ಣಗೇ ಇರುತ್ತದೆ, ಅವಸರ ಮಾಡಬೇಡಿ. ಆಮೇಲೆ ಉರಿ ಜೋರು ಮಾಡಿ ಒಂದು ದೊಡ್ಡ ಚಮಚ ಎಣ್ಣೆ. ಸೂರ್ಯಕಾಂತಿ, ಕಡಲೆಕಾಯಿ, ಯಾವುದಾದರೂ ರಿಫೈಂಡ್ ಎಣ್ಣೆ. ಬೆಣ್ಣೆಯನ್ನು ಈಗಲೇ ಹಾಕಿದರೆ ಅದರಲ್ಲಿರುವ ಹಾಲಿನ ಅಂಶ ಸೀದುಹೋಗುತ್ತದೆ. ತುಪ್ಪದಲ್ಲಿ ಆ ಅಂಶ ತೆಗೆದಿರುವುದರಿಂದ ಅದು ತಡೆಯುತ್ತದೆ. ಕೈಗೆ ಸಿಕ್ಕಿದರೆ ಅದನ್ನೂ ಬಳಸಬಹುದು.

ಎಣ್ಣೆ ನೀರಿನಂತೆ ತೆಳ್ಳಗೆ ಓಡಾಡಿ, ಮೊದಲ ಹೊಗೆಯ ಎಳೆ ಎದ್ದರೆ ಕಾವಲಿ ತಯಾರು. ದೋಸೆಗೆ ನಾವು ನೀರು ಚಿಮುಕಿಸಿ ಕಾವು ಇಳಿಸುತ್ತೇವಲ್ಲ, ಇಲ್ಲಿ ಅದು ಬೇಡ. ಎಣ್ಣೆ ಇರುವಾಗ ನೀರು ಹಾಕಿದರೆ ಮುಖಕ್ಕೆ ಸಿಡಿಯುತ್ತದೆ.

ಹೊಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಅಪಾರ್ಟ್‌ಮೆಂಟಿನಲ್ಲಿದ್ದರೆ ಕಿಟಕಿ, ಬಾಲ್ಕನಿ ತೆರೆಯಿರಿ, ಎಕ್ಸಾಸ್ಟ್ ಜೋರು ಇಡಿ. ಕಾರಿಡಾರಿನ ಕಡೆಯ ಮುಂಬಾಗಿಲನ್ನು ಮಾತ್ರ ತೆರೆಯಬೇಡಿ. ನಾನು ತೆರೆದೆ. ಮನೆಯೊಳಗಿನ ಹೊಗೆ ಅಲಾರಂ ನಮ್ಮ ಕಿವಿಗಷ್ಟೇ ಕೂಗುತ್ತಿತ್ತು. ಕಾರಿಡಾರಿನದ್ದು ಇಡೀ ಕಟ್ಟಡಕ್ಕೆ ಸೇರಿದ್ದು. ಎರಡು ನಿಮಿಷದಲ್ಲಿ ಎಲ್ಲ ಮಹಡಿಯವರೂ ಪೈಜಾಮದಲ್ಲಿ ರಸ್ತೆಗೆ ಬಂದಿದ್ದರು. ಕೆಂಪು ಗಾಡಿಯೂ ಬಂತು. ಕೆಳಗಿನ ಮನೆಯ ಅಜ್ಜಿ ಮಾತ್ರ ನನ್ನ ಹತ್ತಿರ ಬಂದು, ಸ್ಟೇಕ್ ಏನಾಯ್ತು ಅಂತ ಕೇಳಿದರು. ಅದು ಮೇಲೆ ಪ್ಯಾನಿನಲ್ಲೇ ಇತ್ತು. ಏನಾಗಿರುತ್ತೆ ಅಂತ ಹೇಳಬೇಕಾಗಿಲ್ಲ.

ಈಗ ಬೇಯಿಸುವುದು

ಎಲ್ಲ ಸಾಮಾನು ಕೈಗೆಟುಕುವಲ್ಲಿರಲಿ. ಇಕ್ಕಳ, ಥರ್ಮಾಮೀಟರ್, 30 ಗ್ರಾಂ ಬೆಣ್ಣೆ, ಸಿಪ್ಪೆ ಸಮೇತ ಜಜ್ಜಿದ ಮೂರು ಎಸಳು ಬೆಳ್ಳುಳ್ಳಿ, ಸಿಕ್ಕರೆ ಒಂದೆರಡು ಕಡ್ಡಿ ಥೈಮ್ ಅಥವಾ ರೋಸ್‌ಮರಿ. ಶುರುವಾದ ಮೇಲೆ ಹುಡುಕಲು ಸಮಯ ಇರಲ್ಲ.

1. ತುಂಡನ್ನು ಇನ್ನೊಮ್ಮೆ ಒತ್ತಿ ಒರೆಸಿ. ಅಂಚಿನಲ್ಲಿ ಬಿಳಿ ಕೊಬ್ಬಿನ ಪಟ್ಟಿ ಇದ್ದರೆ ಇಕ್ಕಳದಲ್ಲಿ ಹಿಡಿದು ಮೊದಲು ಆ ಅಂಚನ್ನೇ ಪ್ಯಾನಿಗೆ ತಾಗಿಸಿ ನಿಲ್ಲಿಸಿ. ಎರಡು ನಿಮಿಷ. ಕೊಬ್ಬು ಕರಗಿ ಪ್ಯಾನಿಗೆ ಇಳಿಯುತ್ತದೆ, ಪಟ್ಟಿ ಗರಿಗರಿಯಾಗುತ್ತದೆ. ಇದನ್ನು ಬಿಟ್ಟರೆ ತಿನ್ನುವಾಗ ಆ ಪಟ್ಟಿ ರಬ್ಬರ್.

2. ತುಂಡನ್ನು ನಿಮ್ಮಿಂದ ಆಚೆಗೆ ಮಲಗಿಸಿ, ಎಣ್ಣೆ ಕೈಗೆ ಸಿಡಿಯಲ್ಲ. ಚುಂಯ್ ಅನ್ನುವ ಸದ್ದು ಜೋರಾಗಿ ಬರಬೇಕು. ಸುಮ್ಮನಿದ್ದರೆ ಪ್ಯಾನ್ ಕಾದಿಲ್ಲ. ಎತ್ತಿ, ಒರೆಸಿ, ಕಾಯಿಸಿ, ಮತ್ತೆ ಹಾಕಿ. ನಾಚಿಕೆ ಏನಿಲ್ಲ.

3. ಒಂದು ನಿಮಿಷಕ್ಕೆ ಮಗುಚಿ. ಇನ್ನೊಂದು ನಿಮಿಷಕ್ಕೆ ಮತ್ತೆ. ಹೀಗೇ ನಿಮಿಷಕ್ಕೊಂದು ಸಲ ಮಗುಚುತ್ತಾ ಇರಿ. ಒಂದೇ ಸಲ ಮಗುಚಬೇಕು ಅನ್ನುವುದು ಬಾರ್ಬೆಕ್ಯೂ ಗಂಡಸರ ಹಟ, ಅದಕ್ಕೆ ಕಾರಣ ಕೇಳಿದರೆ ಯಾರೂ ಹೇಳಲ್ಲ. ಆಗಾಗ ಮಗುಚಿದರೆ ಯಾವ ಬದಿಯೂ ಅತಿಯಾಗಿ ಕಾಯುವುದಿಲ್ಲ, ಅಂಚಿನಿಂದ ಮಧ್ಯದವರೆಗೆ ಒಂದೇ ಸಮ ಬೇಯುತ್ತದೆ, ಬೇಗ ಕೂಡ. ತುಂಡನ್ನು ಸಟ್ಟುಗದಿಂದ ಅದುಮಬೇಡಿ. ಉಳಿಸಬೇಕಾದ ರಸವನ್ನು ನಾವೇ ಹಿಂಡಿದ ಹಾಗೆ.

4. ನಾಲ್ಕು ನಿಮಿಷದ ಹೊತ್ತಿಗೆ ಎರಡೂ ಬದಿ ಕಂದು ಬಣ್ಣ ಬಂದಿರುತ್ತದೆ. ಉರಿಯನ್ನು ಮಧ್ಯಮಕ್ಕೆ ಇಳಿಸಿ ಥರ್ಮಾಮೀಟರ್ ಚುಚ್ಚಿ ನೋಡಿ. ಮೇಲಿನಿಂದ ಅಲ್ಲ, ಪಕ್ಕದಿಂದ. ತುದಿ ತುಂಡಿನ ನಟ್ಟನಡುವೆ ಇರಬೇಕು. ಕೊಬ್ಬಿಗೆ, ಮೂಳೆಗೆ ತಾಗಿದರೆ ಸುಳ್ಳು ಹೇಳುತ್ತದೆ.

5. 45 ಡಿಗ್ರಿ ಹತ್ತಿರ ಬಂದಾಗ ಬೆಣ್ಣೆ, ಬೆಳ್ಳುಳ್ಳಿ, ಸೊಪ್ಪು ಹಾಕಿ. ಬೆಣ್ಣೆ ನೊರೆ ಎದ್ದ ಕೂಡಲೇ ಪ್ಯಾನನ್ನು ನಿಮ್ಮ ಕಡೆ ಓರೆ ಮಾಡಿ, ಚಮಚದಲ್ಲಿ ಬೆಣ್ಣೆ ತೆಗೆದು ತುಂಡಿನ ಮೇಲೆ ಸುರಿಯುತ್ತಾ ಇರಿ. ಒಗ್ಗರಣೆ ಸುರಿಯುವ ಹಾಗೇ, ಆದರೆ ಬಿಡದೆ. ಬಣ್ಣ ಕಡಿಮೆ ಇರುವ ಜಾಗ ಕಂಡರೆ ಅಲ್ಲಿಗೆ ಎರಡು ಚಮಚ ಜಾಸ್ತಿ. ನೊರೆ ಇಳಿದು ಬೆಣ್ಣೆ ಗೋಡಂಬಿ ಹುರಿದ ವಾಸನೆ ಕೊಡಲು ಶುರುವಾಗುತ್ತದೆ, ಅದು ಸರಿಯಾದ ಹಂತ. ಕಪ್ಪಾಗುತ್ತಿದ್ದರೆ ಒಲೆ ಆರಿಸಿ, ಪ್ಯಾನಿನ ಬಿಸಿಯೇ ಸಾಕು.

6. ಬೇಕಾದ ಬಿಸಿಗಿಂತ ಮೂರು, ನಾಲ್ಕು ಡಿಗ್ರಿ ಮೊದಲೇ ತೆಗೆಯಿರಿ. ಹೊರಗಿನ ಬಿಸಿ ಒಳಗೆ ಇಳಿಯುತ್ತಲೇ ಇರುತ್ತದೆ. ಅನ್ನ ಬೆಂದ ಮೇಲೂ ದಮ್ಮಿನಲ್ಲಿ ಅರಳುತ್ತದಲ್ಲ, ಹಾಗೇ.

3 ಸೆಂಟಿಮೀಟರ್ ತುಂಡಿಗೆ ಒಟ್ಟು ಏಳರಿಂದ ಒಂಬತ್ತು ನಿಮಿಷ ಹಿಡಿಯುತ್ತದೆ. ಈ ಲೆಕ್ಕವನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಎಷ್ಟು ಡಿಗ್ರಿ?

ರೇರ್ ಅಂದರೆ ಕೊನೆಗೆ 50ರ ಹತ್ತಿರ. ನಡು ತಣ್ಣಗೆ, ಮೆತ್ತಗೆ, ನನಗೆ ಹಿಡಿಸಲ್ಲ. ಮೀಡಿಯಂ ರೇರ್ 54ರಿಂದ 57. ಒಳಗೆ ಗುಲಾಬಿ ಕೆಂಪು, ಕೊಬ್ಬು ಕರಗಲು ಶುರುವಾಗಿರುತ್ತದೆ. ಸ್ಕಾಚ್ ಫಿಲೆಟ್‌ಗೆ ನನ್ನ ಮತ ಇದಕ್ಕೇ, 56ಕ್ಕೆ. ಮೀಡಿಯಂ 60ರಿಂದ 63. ಒಳಗೆ ತಿಳಿ ಗುಲಾಬಿ, ರಸ ಇನ್ನೂ ಸಾಕಷ್ಟು ಇರುತ್ತದೆ. ಮನೆಗೆ ನೆಂಟರು ಬಂದರೆ, ಕೆಂಪು ಕಂಡರೆ ಮುಖ ಸಿಂಡರಿಸುವವರಿಗೆ, ಇದು ಒಳ್ಳೆಯ ರಾಜಿ. 70 ದಾಟಿದ್ದು ವೆಲ್‌ಡನ್. ಅದೇ ಬೇಕು ಅನ್ನುವವರಿಗೆ ಸ್ಟೇಕಿನ ದುಡ್ಡು ಖರ್ಚು ಮಾಡದೆ ಒಂದು ಒಳ್ಳೆ ಸುಕ್ಕ ಮಾಡಿಕೊಡಿ, ಇಬ್ಬರಿಗೂ ಖುಷಿ.

ವಿಡಿಯೋ ಕಾಲಿನಲ್ಲಿ ಒಮ್ಮೆ ಅಮ್ಮನಿಗೆ ತೋರಿಸಿದೆ. ಹೆಚ್ಚಿದ ತುಂಡು ನೋಡಿ, 'ರಕ್ತ ಹಾಗೇ ಇದೆಯಲ್ಲೋ, ಇನ್ನೂ ಎರಡು ವಿಷಲ್ ಕೂಗಿಸು' ಅಂದರು. ಅದು ರಕ್ತ ಅಲ್ಲ. ಪ್ರಾಣಿ ಕಡಿದಾಗಲೇ ರಕ್ತ ಹೆಚ್ಚುಕಮ್ಮಿ ಹೋಗಿರುತ್ತದೆ. ಕೆಂಪು ಬಣ್ಣ ಮಯೋಗ್ಲೋಬಿನ್ ಅನ್ನುವ ಪ್ರೋಟೀನಿನದ್ದು, ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವುದು ಅದರ ಕೆಲಸ. ಬಿಸಿ ಏರಿದಂತೆ ಅದು ಕೆಂಪಿನಿಂದ ಕಂದಾಗುತ್ತದೆ. ಅಮ್ಮ ಒಪ್ಪಲಿಲ್ಲ, ಬಿಡಿ.

ಆದರೆ ಅಮ್ಮನ ಭಯದಲ್ಲಿ ಪೂರ್ತಿ ಹುರುಳಿಲ್ಲ ಅನ್ನುವಂತಿಲ್ಲ. ಇಡೀ ತುಂಡಿನಲ್ಲಿ ಕ್ರಿಮಿಗಳು ಸಾಮಾನ್ಯವಾಗಿ ಇರುವುದು ಹೊರ ಮೇಲ್ಮೈಯಲ್ಲಿ. ಜೋರು ಬಿಸಿಗೆ ಅವು ಸಾಯುತ್ತವೆ. ಅದಕ್ಕೇ ಒಳಗೆ ಗುಲಾಬಿ ಇದ್ದರೂ ಬಹಳ ಜನ ತಿನ್ನುತ್ತಾರೆ. ಅಮೆರಿಕದ ಕೃಷಿ ಇಲಾಖೆಯ ಸಲಹೆ ಇನ್ನೂ ಬಿಗಿ. ಇಡೀ ತುಂಡಿಗೆ 63 ಡಿಗ್ರಿ, ಆಮೇಲೆ ಮೂರು ನಿಮಿಷ ಬಿಡಬೇಕು. ಗರ್ಭಿಣಿಯರು, ವಯಸ್ಸಾದವರು, ಚಿಕ್ಕ ಮಕ್ಕಳು, ಕಾಯಿಲೆಯಿಂದ ಸುಧಾರಿಸಿಕೊಳ್ಳುತ್ತಿರುವವರು ತಿನ್ನುವುದಾದರೆ ಅದಕ್ಕಿಂತ ಕೆಳಗೆ ಇಳಿಯಬೇಡಿ. ಖೀಮಾ ಲೆಕ್ಕ ಬೇರೆ. ಅರೆಯುವಾಗ ಹೊರಗಿನದೆಲ್ಲ ಒಳಗೆ ಸೇರುತ್ತದೆ, ಅದು 71 ಮುಟ್ಟಲೇಬೇಕು. ಮೆತ್ತಗೆ ಮಾಡಲು ಮೆಷಿನ್ನಿನ ಸೂಜಿಗಳಿಂದ ಚುಚ್ಚಿದ ಸ್ಟೇಕ್ ಸಿಗುತ್ತದೆ, ಅದರಲ್ಲೂ ಇದೇ ತೊಂದರೆ. ಪ್ಯಾಕೆಟ್ ಓದಿ. ಹಸಿ ಮಾಂಸ ಮುಟ್ಟಿದ ಇಕ್ಕಳವನ್ನು ತೊಳೆಯದೆ ಬೆಂದದ್ದನ್ನು ಎತ್ತಬೇಡಿ.

ಬೆರಳಿನಿಂದ ಒತ್ತಿ, ಅಂಗೈಯ ಹೆಬ್ಬೆರಳಿನ ಬುಡದ ಮೆತ್ತನೆಗೆ ಹೋಲಿಸಿ ನೋಡುವ ಒಂದು ವಿಧಾನ ಇದೆ. ದಿನಕ್ಕೆ ನೂರು ಸ್ಟೇಕ್ ಮಾಡುವ ಹೋಟೆಲಿನವರಿಗೆ ಅದು ಸರಿ. ತಿಂಗಳಿಗೆ ಎರಡು ಮಾಡುವ ನಮಗೆ 20, 30 ಡಾಲರಿನ ಥರ್ಮಾಮೀಟರ್ ಸರಿ. ಒಂದು ಸ್ಟೇಕ್ ಕೆಡಿಸಿದರೆ ಅಷ್ಟೇ ದುಡ್ಡು ಹೋಗುತ್ತದೆ.

ಬಿಡುವು, ಹೆಚ್ಚುವುದು, ಮತ್ತೆ ಆ ಪ್ಯಾನಿನ ತಳ

ತೆಗೆದ ಕೂಡಲೇ ಚಾಕು ಹಾಕಬೇಡಿ. ಐದಾರು ನಿಮಿಷ ಜಾಲರಿಯ ಮೇಲೆ ಬಿಡಿ. ತಟ್ಟೆ ಮೇಲೇ ಇಟ್ಟರೆ ಕೆಳಬದಿ ತನ್ನ ಹಬೆಯಲ್ಲೇ ಮೆತ್ತಗಾಗುತ್ತದೆ. ಈ ಹೊತ್ತಿನಲ್ಲಿ ಒಳಗಿನ ರಸ ಸ್ವಲ್ಪ ದಪ್ಪವಾಗುತ್ತದೆ, ಹೆಚ್ಚಿದಾಗ ಹಲಗೆ ಮೇಲೆ ಹರಿಯುವುದು ಕಡಿಮೆ. ಫಾಯಿಲ್ಲಿನಲ್ಲಿ ಬಿಗಿಯಾಗಿ ಸುತ್ತಬೇಡಿ, ಕಷ್ಟಪಟ್ಟು ಮಾಡಿದ ಗರಿಗರಿ ಹೋಗುತ್ತದೆ.

ಈ ಐದು ನಿಮಿಷದಲ್ಲಿ ನಾನು ಪ್ಯಾನಿನ ಕೆಲಸ ಮುಗಿಸುತ್ತೇನೆ. ಜಾಸ್ತಿ ಎಣ್ಣೆಯನ್ನು ಬಗ್ಗಿಸಿ ತೆಗೆದು, ಸಣ್ಣಗೆ ಹೆಚ್ಚಿದ ಎರಡು ಸಾಂಬಾರ್ ಈರುಳ್ಳಿ ಹಾಕಿ ಒಂದು ನಿಮಿಷ ಬಾಡಿಸುತ್ತೇನೆ. ಒರಟಾಗಿ ಕುಟ್ಟಿದ ಕಾಳುಮೆಣಸು ಒಂದು ಚಮಚ. ಕಾಲು ಲೋಟ ನೀರು ಹಾಕಿ ತಳಕ್ಕೆ ಅಂಟಿದ ಕಂದು ಪದರವನ್ನೆಲ್ಲ ಸಟ್ಟುಗದಿಂದ ಕೆರೆದು ಎಬ್ಬಿಸುತ್ತೇನೆ. ರುಚಿಯೆಲ್ಲ ಅಲ್ಲೇ ಇರೋದು. ನೀರು ಅರ್ಧ ಇಂಗಿದ ಮೇಲೆ ಕಾಲು ಟೀ ಚಮಚ ಕಾಚಂಪುಳಿ. ಕೊಡಗಿನಲ್ಲಿ ಹಂದಿ ಕರಿಗೆ ಹಾಕುವ ಆ ಕಪ್ಪು ಹುಳಿ, ಗೆಳೆಯನೊಬ್ಬ ಮಡಿಕೇರಿಯಿಂದ ತಂದುಕೊಟ್ಟ ಬಾಟಲಿ. ಕಾಲು ಚಮಚಕ್ಕಿಂತ ಜಾಸ್ತಿ ಬೇಡ, ಬಾಯಿ ಚುಚ್ಚುತ್ತದೆ. ಇಲ್ಲದವರು ನಿಂಬೆರಸ ಹಿಂಡಿ. ಕೊನೆಗೆ ಒಲೆ ಆರಿಸಿ ಒಂದು ತುಂಡು ತಣ್ಣನೆ ಬೆಣ್ಣೆ ಹಾಕಿ ತಿರುಗಿಸಿದರೆ ಸಾಸ್ ಹೊಳೆಯುತ್ತದೆ. ಜಾಲರಿಯ ಕೆಳಗೆ ಸೋರಿದ ರಸವನ್ನೂ ಇದಕ್ಕೇ ಸುರಿಯಿರಿ.

ಹೆಚ್ಚುವ ಮೊದಲು ನಾರು ಯಾವ ಕಡೆ ಓಡುತ್ತಿದೆ ನೋಡಿ. ಅದಕ್ಕೆ ಅಡ್ಡವಾಗಿ ಚಾಕು ಇಡಿ. ಆಗ ಪ್ರತಿ ಹೋಳಿನಲ್ಲಿ ನಾರು ಗಿಡ್ಡ, ಹಲ್ಲಿಗೆ ಕೆಲಸ ಕಡಿಮೆ. ರಂಪ್‌ನಂತಹ ಅಗ್ಗದ ತುಂಡಿನಲ್ಲಿ ಇದೊಂದರಿಂದಲೇ ಅರ್ಧದಷ್ಟು ವ್ಯತ್ಯಾಸ ಗೊತ್ತಾಗುತ್ತದೆ. ಮೇಲೆ ನಾಲ್ಕು ಕಾಳು ಹರಳುಪ್ಪು.

ಜೊತೆಗೆ ಬೇಯಿಸಿ ಹುರಿದ ಆಲೂಗಡ್ಡೆ, ಯಾವುದಾದರೂ ಹಸಿರು ಸೊಪ್ಪು. ಅನ್ನದ ಜೊತೆ ತಿಂದರೂ ಯಾರೂ ಬೈಯಲ್ಲ, ನಮ್ಮನೆಯಲ್ಲಿ ಮಗ ಹಾಗೇ ತಿನ್ನೋದು. ಉಳಿದರೆ ಮತ್ತೆ ಬಿಸಿ ಮಾಡಬೇಡಿ, ಒಣಗುತ್ತದೆ. ಫ್ರಿಜ್ಜಿನಲ್ಲಿಟ್ಟು ಮರುದಿನ ಕಾಗದದಷ್ಟು ತೆಳ್ಳಗೆ ಹೆಚ್ಚಿ, ಹಸಿ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ನಿಂಬೆರಸ ಸೇರಿಸಿ ಕಲಸಿ. ಬ್ರೆಡ್ಡಿನ ನಡುವೆ ಇಟ್ಟರೆ ಆಫೀಸಿನ ಡಬ್ಬಿ ಆಯಿತು.

ಪ್ಯಾನ್ ಬಿಸಿ ಇರುವಾಗಲೇ ತೊಳೆದುಬಿಡಿ. ಬಿಸಿನೀರು, ಒಂದು ಹಿಡಿ ಉಪ್ಪು, ಗಟ್ಟಿ ಬ್ರಷ್. ನೆನೆಹಾಕಿ ಬಿಟ್ಟರೆ ಬೆಳಿಗ್ಗೆ ತುಕ್ಕು. ಒಲೆ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ, ಕಪಾಟಿನಲ್ಲಿ ದೋಸೆ ಕಾವಲಿಯಿಂದ ದೂರ ಇಡಿ.